ಮೆತ್ತಗಾದ ಕೈ

ಉಮಾಶ್ರೀಯ ನೌಕರಿಯ ಹೆಸರು ‘ಸಂಗಾತಿ’. ಗೋವಾ, ರತ್ನಾಗಿರಿಗೆ ದುಡಿಯಲು ಹೋಗಿ ಸೋತು ಮರಳಿದವರನ್ನು ಸಂಸ್ಥೆಯೊಂದು ಮೂರು ತಿಂಗಳ ತರಬೇತಿಗೆಂದು ಅಂಗಡಿ, ಕಾರ್ಖಾನೆಗಳಿಗೆ ಸೇರಿಸುತ್ತಿತ್ತು. ಅವರ ಪಕ್ಕದಲ್ಲೇ ನಿಂತು ಕೆಲಸ ಕಲಿಸುವುದು, ಮಾಲಕರ ಸಿಟ್ಟು ತಣಿಸುವುದು, ಕೊನೆಗೆ ಅಲ್ಲೇ ಕಾಯಂ ಮಾಡಿಸುವುದು ಸಂಗಾತಿಯ ಕೆಲಸ. ಕಂಡವರಿಗೆ ಬುದ್ಧಿ ಹೇಳುವುದು ಉಮಾಶ್ರೀಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಸಂಬಳವೂ ಸಿಕ್ಕಿದ್ದು ಆಕೆಯ ಪುಣ್ಯ. ಆದರೆ ಯೋಜನೆ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಮುಂದೇನು ಎಂಬ ಚಿಂತೆಯನ್ನು ಆಕೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಈ ಸಲ ಆಕೆಯ ಪಾಲಿಗೆ ಬಂದವಳು ದೇಗಾಂವದ ಯಶೋಧಾ. ಹನ್ನೊಂದು ವರ್ಷ ಮಡಗಾಂವದಲ್ಲಿ ಕಾಂಕ್ರೀಟ್ ಬುಟ್ಟಿ ಹೊತ್ತವಳು. ಗಂಡ ಅಲ್ಲೇ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ. ಮಗಳು ರೇಣು ಏಳನೇ ಇಯತ್ತೆ ಮುಟ್ಟುವಷ್ಟರಲ್ಲಿ ನಾಲ್ಕು ಸಾಲೆ ಬದಲಿಸಿದ್ದಳು. ತಾಯಿ ಕಾಯಂ ಆದರೆ ಮಗಳು ಊರಲ್ಲೇ ಓದುತ್ತಾಳೆ. ಇಲ್ಲದಿದ್ದರೆ ಮತ್ತೆ ಗೋವಾ, ಮತ್ತೆ ತಗಡಿನ ಶೆಡ್ಡು.

ಕಿತ್ತೂರಿನ ಗಂಗಯ್ಯನ ಜವಳಿ ಅಂಗಡಿಯಲ್ಲಿ ಯಶೋಧಾ ತಿಂಗಳೊಳಗೆ ಪಳಗಿದಳು. ಗಿರಾಕಿಯ ಮುಖ ನೋಡಿ ಬಣ್ಣ ತೆಗೆಯುವುದು, ಹರವಿದ ಸೀರೆಯನ್ನು ಮೊದಲಿನ ಗೆರೆಗೇ ಮಡಿಸುವುದು ಎಲ್ಲ ಬಂತು. ಅಡ್ಡ ಬಂದದ್ದು ಕೈಯೊಂದೇ. ಸಿಮೆಂಟು ತಿಂದ ಅಂಗೈ ಒಡೆದು ಚಕ್ಕೆಯೆದ್ದಿತ್ತು. ಮುಟ್ಟಿದರೆ ಸಾಕು, ಸೆರಗಿನ ರೇಷ್ಮೆ ಎಳೆ ಎದ್ದು ಬರುತ್ತಿತ್ತು.

“ಇದೇನ್ ಕೈಯೋ ಕರಗಸೋ?” ಅಂದ ಗಂಗಯ್ಯ. “ಮೊದಲ ಕೈ ಮೆತ್ತಗ ಆಗ್ಲಿ, ಆಮ್ಯಾಲ ಕಾಯಂ ಮಾತು.”

ಉಮಾಶ್ರೀ ಉಪಾಯ ಹೇಳಿದಳು. “ಕೊಬ್ಬರಿ ಎಣ್ಣಿ ತಿಕ್ಕು. ಮುಂಜಾನಿ ಸಂಜಿ ಎರಡೂ ಹೊತ್ತು. ಒಂದಿನಾನೂ ತಪ್ಪಿಸಬ್ಯಾಡ.”

ಯಶೋಧಾ ತಪ್ಪಿಸಲಿಲ್ಲ. ಕೈ ಕೆಡಬಾರದೆಂದು ಮುಸುರೆ ತಿಕ್ಕುವುದನ್ನೂ ಮಗಳಿಗೆ ಬಿಟ್ಟಳು. ವಾರಕ್ಕೊಮ್ಮೆ ಉಮಾಶ್ರೀ ರೇಷ್ಮೆಯ ಚಿಂದಿಯೊಂದನ್ನು ಅವಳ ಅಂಗೈ ಮೇಲೆ ಎಳೆದು ನೋಡುತ್ತಿದ್ದಳು. ಹತ್ತನೇ ವಾರ ಚಿಂದಿ ಎಲ್ಲೂ ತೊಡರದೆ ಸರಕ್ಕನೆ ಜಾರಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಹೊತ್ತಿನ ಉಮಾಶ್ರೀಯ ಖುಷಿಯಲ್ಲಿ ಕಪಟವಿರಲಿಲ್ಲ, ಅಷ್ಟು ಮಾತ್ರ ಖರೆ.

ತರಬೇತಿ ಮುಗಿಯಲು ನಾಲ್ಕು ದಿನವಿದ್ದಾಗ ಬೈಲಹೊಂಗಲದಿಂದ ಒಂದು ಮನೆತನ ಮದುವೆ ಜವಳಿಗೆ ಬಂತು. ಬೆಳಗಿನ ಹೊತ್ತು. ಯಶೋಧಾ ಬಸ್ಸಿಳಿದು ಓಡಿ ಬಂದವಳೇ ದಿನದಂತೆ ಕೈ ಒರೆಸಲೂ ಪುರಸೊತ್ತಿಲ್ಲದೆ ಗಾದಿಯ ಮೇಲೆ ಬೆಲೆಯುಳ್ಳ ಸೀರೆ ಹರವಿದಳು. ಕೈ ತೆಗೆದಾಗ ಹಳದಿ ಸೆರಗಿನ ಮೇಲೆ ನಾಲ್ಕು ಬೆರಳಿನ ಎಣ್ಣೆ ಗುರುತು ಮೂಡಿತ್ತು. ಮದುಮಗಳ ತಾಯಿ ಅಪಶಕುನವೆಂದು ಎದ್ದೇ ಬಿಟ್ಟಳು.

“ಎಣ್ಣಿ ಹಚ್ಚಿಕೊಂಡ ಅಂಗಡಿಗೆ ಬಾ ಅಂತ ಯಾರ್ ಹೇಳಿದ್ರು ನಿನಗ?” ಗಂಗಯ್ಯ ಚೀರಿದ.

ಯಶೋಧಾ ಉಮಾಶ್ರೀಯತ್ತ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಉತ್ತರ ಕೊಡುವುದು ಅಕ್ಕನ ಕೆಲಸ ಎಂದಷ್ಟೇ ಇತ್ತು.

“ನಾ ರಾತ್ರಿ ಅಷ್ಟ ಹಚ್ಚಿಕೋ ಅಂದಿದ್ದೆರಿ,” ಅಂದಳು ಉಮಾಶ್ರೀ. ಸುಳ್ಳು ಎಣ್ಣೆಗಿಂತ ನುಣ್ಣಗೆ ಹೊರಬಂದಿತ್ತು.

ಯಶೋಧಾ ಒಮ್ಮೆ ಕಣ್ಣು ಪಿಳುಕಿಸಿದಳು. “ಹೌದ್ರಿ ಸಾವ್ಕಾರ್ರ, ಅಕ್ಕಾರು ರಾತ್ರಿ ಅಂತನ ಹೇಳಿದ್ರು. ನಂದ ತಪ್ಪಾತು.” ಈಗ ತಾನು ಮಾತು ಉಳಿಸಿದರೆ ಸಂಜೆ ಅಕ್ಕ ಹೇಗಾದರೂ ಸರಿಮಾಡುತ್ತಾಳೆಂಬ ನಂಬಿಕೆ ಅವಳ ಮುಖದಲ್ಲೇ ಕಾಣುತ್ತಿತ್ತು. ಉಮಾಶ್ರೀ ಅದನ್ನು ಕಂಡಳು, ಕಂಡೂ ಹರವಿದ ಸೀರೆ ಮಡಿಸತೊಡಗಿದಳು.

ಸಂಜೆ ಗಂಗಯ್ಯ ಚಹಾ ತರಿಸಿದ. “ಆಕಿ ಬ್ಯಾಡ್ರಿ. ನೀವ ಬರ್ರಿ. ಕಲಸಾಕ ಬರತೈತಿ ಅಂದ್ರ ಮಾಡಾಕೂ ಬರತೈತಿ.”

ಎರಡೂ ಹೊತ್ತು ಹಚ್ಚು ಅಂದವಳು ನಾನೇ ಎಂಬ ಮಾತು ಉಮಾಶ್ರೀಯ ನಾಲಿಗೆಯ ತುದಿಗೆ ಬಂದಿತ್ತು. ಚಹಾದ ಜೊತೆ ಅದನ್ನೂ ನುಂಗಿದಳು.

“ಯಾವತ್ತಿಂದ ಬರ್ಲಿರಿ?” ಎಂದು ಕೇಳಿದಳು.

ಬೇಲಿ ಎದ್ದು ಹೊಲ ಮೇಯುವುದೆಂದರೆ ಇದೇ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಯಶೋಧಾಳಿಗೆ “ಬಾಳ ಹೇಳಿದೆ, ಸಾವ್ಕಾರ್ರು ಒಪ್ಪವಲ್ರು” ಅಂದಳು. ಯಶೋಧಾ ಅವಳ ಕಾಲು ಮುಟ್ಟಿ ಬಸ್ ಹತ್ತಿದಳು.

ಏಪ್ರಿಲ್ ಎರಡನೇ ವಾರ ಗೋವಾಕ್ಕೆ ಹೊರಟ ಗುತ್ತಿಗೆದಾರನ ಟೆಂಪೋ ಹೆದ್ದಾರಿಯಲ್ಲಿ ಡೀಸೆಲ್‌ಗೆ ನಿಂತಾಗ, ಯಶೋಧಾ ಗಂಟು ಹೊತ್ತ ರೇಣುವಿನ ಕೈಹಿಡಿದು ಅಂಗಡಿಗೆ ಬಂದಳು. ಗಾದಿಯ ಮೇಲೆ ಸೀರೆ ಮಡಿಸುತ್ತಿದ್ದ ಉಮಾಶ್ರೀಯನ್ನು ಕಂಡು ಅವಳ ಮುಖ ಅರಳಿತು.

“ಇಲ್ಲೇ ಅದೀರೇನ್ರಿ ಅಕ್ಕಾ! ಮತ್ತ ಯಾರನ್ನರ ಕಲಸಾಕ ಹತ್ತೀರಿ?”

“ಹೂಂ,” ಅಂದಳು ಉಮಾಶ್ರೀ.

ಯಶೋಧಾ ಎರಡೂ ಅಂಗೈ ಮುಂದೆ ಚಾಚಿದಳು. ಎಳೆಕೂಸಿನ ಕೆನ್ನೆಯ ಹಾಗೆ ಮೆತ್ತಗಿದ್ದವು. “ನಾಳಿಂದ ಬುಟ್ಟಿ ಹೊರಬೇಕ್ರಿ. ಈ ಕೈಗೆ ಮೊದಲ್ನೇ ದಿನಾನ ಗುಳ್ಳಿ ಏಳತಾವು, ಮುಕಾದಮ ಹೊರಗ ಹಾಕತಾನ. ಲಗೂನ ಗಟ್ಟಿ ಆಗಾಕ ಏನರ ಹಚ್ಚೂದು ಐತೇನ್ರಿ?”

ಒಳಗಿನಿಂದ ಗಂಗಯ್ಯ ಕೆಮ್ಮಿದ. ಇವರು ಬೇಗ ಹೋದರೆ ಸಾಕೆನಿಸಿತು ಉಮಾಶ್ರೀಗೆ.

“ಉಪ್ಪುನೀರಾಗ ಅದ್ದು,” ಎಂದಳು, ಬಾಯಿಗೆ ಬಂದದ್ದನ್ನು. “ಮುಂಜಾನಿ ಸಂಜಿ ಎರಡೂ ಹೊತ್ತು.”

ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ಯಶೋಧಾ ಹೊಸ್ತಿಲು ದಾಟುತ್ತಿದ್ದವಳು ನಿಂತು ತಿರುಗಿದಳು.

“ಎರಡೂ ಹೊತ್ತು ಅಂದ್ರಿ, ಹೌದಿಲ್ರಿ ಅಕ್ಕಾ? ರೇಣು, ಈ ಸಲ ನೀನೂ ಕೇಳಿಸ್ಕೊಂಡಿರು.”