ತಳ ಕೆರೆಯುವ ಕೈ

"ಕಣ್ಣು ಮುಚ್ಕೊಳ್ಳಿ ಅಮ್ಮ. ಕಾಲಿಗೆ ಕಡ್ಡಿ ಮುಟ್ಟಿದಾಗ ಹೂಂ ಅನ್ನಿ," ಎಂದಳು ನರ್ಸು.

ಕೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಆ ಹೆಂಗಸು ಸ್ವಲ್ಪ ಹೊತ್ತು ಕಾದು, ಇಷ್ಟರಲ್ಲಿ ಮುಟ್ಟಿರಬೇಕು ಎಂಬ ಅಂದಾಜಿನ ಮೇಲೆ "ಹೂಂ" ಎಂದಳು. ಪಕ್ಕದಲ್ಲಿದ್ದ ಸೊಸೆಯ ಮುಖ ಬಿಳಿಚಿಕೊಂಡಿತು. ನರ್ಸು ಮುಟ್ಟಿ, ಒತ್ತಿ, ಕಡ್ಡಿಯನ್ನು ಆಗಲೇ ಮೇಜಿನ ಮೇಲಿಟ್ಟಿದ್ದಳು.

ದೊಡ್ಡಮ್ಮನ ಅಕ್ಕನಿಗೂ ಇದೇ ಸಕ್ಕರೆ ಕಾಯಿಲೆ ಇತ್ತು. ಹೊಲದಲ್ಲಿ ಮುಳ್ಳು ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ. ಗಾಯ ಕೊಳೆತ ಮೇಲೆ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ಮನೆಗೆ ಕಳಿಸಿದರು.

ದೊಡ್ಡಮ್ಮ ಅವತ್ತೇ ತಟ್ಟೆಯ ಅನ್ನವನ್ನು ಅರ್ಧ ಮಾಡಿದಳು. ಸೊಪ್ಪು, ಬೇಳೆ ಹೆಚ್ಚಿಸಿದಳು. ಟೀಗೆ ಸಕ್ಕರೆ ಬಿಟ್ಟಳು. ಆದರೂ ಮುಂದಿನ ಸಲ ರಕ್ತ ನೋಡಿದಾಗ ಸಕ್ಕರೆ ಏರಿತ್ತು. ಅದರ ಮುಂದಿನ ಸಲ ಇನ್ನೂ ಏರಿತ್ತು.

"ಕದ್ದು ತಿಂತೀರಾ?" ಎಂದಳು ನರ್ಸು.

"ನನ್ನ ಮಗನ ಮೇಲಾಣೆ, ಇಲ್ಲ. ಸೊಸೇನ ಕೇಳಿ."

ತಿನ್ನದೆಯೂ ಏರುತ್ತಿದೆ ಎಂದರೆ ಇನ್ನು ಮಾಡುವುದೇನು? ದೊಡ್ಡಮ್ಮ ದಿನವೂ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತು ಪಾದ ತಿರುಗಿಸಿ ನೋಡಿಕೊಳ್ಳತೊಡಗಿದಳು. ತನ್ನದೇ ಕಾಲು, ಯಾರದೋ ಮನೆಯಿಂದ ತಂದಿಟ್ಟುಕೊಂಡ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಸೊಸೆ ನೀರು ಕುಡಿಯಲು ಅಡುಗೆಮನೆಗೆ ಬಂದಳು. ಅತ್ತೆ ಪಾತ್ರೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಅನ್ನದ ಪಾತ್ರೆಯ ತಳ ಕೆರೆದು ಬಾಯಿಗೆ ಹಾಕಿದಳು. ಮೊಮ್ಮಗಳು ತಟ್ಟೆಯಲ್ಲಿ ಬಿಟ್ಟದ್ದನ್ನು ಬಳಿದಳು. ಹಾಲಿನ ಪಾತ್ರೆಯ ಕೆನೆಗೆ ಬೆರಳು ಹಾಕಿದಳು.

"ಏನ್ ಮಾಡ್ತಿದೀರ ಅತ್ತೆ?"

"ಪಾತ್ರೆ ತೊಳೀತಿದೀನಿ."

"ನಾಲಿಗೇಲಾ?"

"ಊಟ ಆಯ್ತಲ್ಲೇ, ನೀನೇ ನೋಡಿದೀಯ. ಇದು ಊಟ ಅಲ್ಲ, ಉಳಿದಿದ್ದು."

ಅವಳು ಸುಳ್ಳಾಡುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅದನ್ನು ತಿಂದ ಲೆಕ್ಕಕ್ಕೆ ಹಿಡಿದವಳೇ ಅಲ್ಲ. ಸೊಸೆ ಅವಳ ಕೈಯಿಂದ ಸೌಟು ತೆಗೆದುಕೊಂಡಳು.

"ಅಕ್ಕನೂ ಹಿಂಗೇ ಉಳಿದಿದ್ದು ತಿಂತಿದ್ಲು," ಎಂದಳು ದೊಡ್ಡಮ್ಮ ಮೆಲ್ಲಗೆ. "ಅವಳ ಮನೇಲಿ ಪಾತ್ರೆಗೆ ಬೇರೆ ಯಾರೂ ಕೈ ಹಾಕ್ತಿರಲಿಲ್ಲ."

ಮರುದಿನದಿಂದ ಅವಳಿಗೂ ಎಲ್ಲರ ಸಾಲಿನಲ್ಲೇ ತಟ್ಟೆ ಹಾಕಿದರು. ಉಳಿದದ್ದನ್ನು ಸೊಸೆ ಕರುವಿನ ಬಕೆಟ್ಟಿಗೆ ಸುರಿದು ತಾನೇ ಪಾತ್ರೆ ತಿಕ್ಕಿದಳು. ಸುರಿಯುವ ಸದ್ದಿಗೆ ದೊಡ್ಡಮ್ಮ ಎದ್ದು ಜಗಲಿಗೆ ಹೋಗುತ್ತಿದ್ದಳು. ಮಗ ಮಾತ್ರ, "ಕರು ದಪ್ಪ ಆಯ್ತು, ಇನ್ನು ಅದರ ರಕ್ತಾನೂ ನೋಡಿಸ್ಬೇಕು," ಎಂದು ನಗಿಸಲು ನೋಡುತ್ತಿದ್ದ. ಆ ತಿಂಗಳು ಸಕ್ಕರೆ ತುಸು ಇಳಿಯಿತು.

ಆಮೇಲೆ ಸೊಸೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಬೇಕಾಯಿತು. ಮಗ ಉಂಡು ಕೆಲಸಕ್ಕೆ ಹೊರಟ. ಮನೆಯಲ್ಲಿ ಉಳಿದದ್ದು ದೊಡ್ಡಮ್ಮ ಮತ್ತು ಅನ್ನದ ಪಾತ್ರೆ. ಅವಳ ಊಟವೂ ಆಗಿತ್ತು, ಹೊಟ್ಟೆಯೂ ತುಂಬಿತ್ತು. ಆದರೂ ಕೈ ತಾನಾಗಿ ಸೌಟಿನತ್ತ ಹೋದದ್ದನ್ನು ಕಂಡು ಹಿಂದಕ್ಕೆಳೆದುಕೊಂಡಳು. ಎದ್ದು ಹಿತ್ತಲಿಗೆ ಬಂದು ಗೋಡೆಯಾಚೆಗೆ ಕೂಗಿದಳು.

ಪಕ್ಕದ ಮನೆಯವಳು ಬಟ್ಟೆ ಒಗೆಯುತ್ತಿದ್ದಳು. "ಯಾಕೆ ದೊಡ್ಡಮ್ಮ, ಹಾವೇನಾದ್ರೂ ಬಂತಾ?"

"ಇಲ್ಲ. ಪಾತ್ರೆ ತೊಳೀಬೇಕು. ಬಂದು ಕೂತ್ಕೊಳ್ಳೇ."

"ಪಾತ್ರೆ ತೊಳಿಯೋಕೆ ಕಾವಲಾ?"

"ಹೂಂ, ಕಾವಲೇ. ನನ್ನ ಕೈ ಬಾಯಿಗೆ ಹೋದ್ರೆ ಒಂದು ಬಿಡು."

ಅವಳು ನಗುತ್ತಲೇ ಬಂದಳು. ದೊಡ್ಡಮ್ಮನ ಮುಖ ನೋಡಿ ನಗು ನಿಲ್ಲಿಸಿ, ಒದ್ದೆ ಕೈಯಲ್ಲೇ ಹೊಸ್ತಿಲ ಮೇಲೆ ಕೂತಳು. ದೊಡ್ಡಮ್ಮ ಪಾತ್ರೆಯನ್ನು ಬಕೆಟ್ಟಿನ ಮೇಲೆ ಬಗ್ಗಿಸಿ, ಮುಖ ಆಚೆ ತಿರುಗಿಸಿಕೊಂಡು ಕೆರೆಯತೊಡಗಿದಳು.