ಬಾಯಿ ತುಂಬ ಎಲೆಅಡಿಕೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟ ದಾಕ್ಷಾಯಣಮ್ಮನವರಿಗೆ ಒಂದು ಚಟವಿತ್ತು. ಎದುರಿನವರು ತಪ್ಪು ಮಾತಾಡಿದರೆ ಅಲ್ಲಿಗೇ ತಡೆದು ತಿದ್ದಬೇಕು. ಮದುವೆಮನೆಯಲ್ಲಿ ಬೀಗರನ್ನೂ ಬಿಟ್ಟವರಲ್ಲ, ಬ್ಯಾಂಕಿನಲ್ಲಿ ಮ್ಯಾನೇಜರನ್ನೂ ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ತಿದ್ದಲು ಯಾರೂ ಸಿಗದೆ ಚಡಪಡಿಸುತ್ತಿದ್ದಾಗ ಸಿಕ್ಕವನು ಹೈತಮ್.

ಹೈತಮ್ ಯೆಮನ್ ದೇಶದ ಹುಡುಗ. ಚಿತ್ರದುರ್ಗದಲ್ಲಿ ಫಾರ್ಮಸಿ ಓದುತ್ತಿದ್ದ. ಬರೆಯುವ ಪರೀಕ್ಷೆಯಲ್ಲೆಲ್ಲ ಒಳ್ಳೆಯ ಅಂಕ. ವೈವಾದಲ್ಲಿ, ಅಂದರೆ ಪರೀಕ್ಷಕರ ಎದುರು ಕೂತು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಾದಾಗ, ಬಾಯಿಯೇ ಬರುತ್ತಿರಲಿಲ್ಲ. ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಹೋದರೆ ಸೀಟು ಹೋಗುತ್ತದೆ, ವೀಸಾ ಹೋಗುತ್ತದೆ. ಯುದ್ಧ ಕಂಡ ಊರಿಗೆ ಬರಿಗೈಯಲ್ಲಿ ವಾಪಸು ಹೋಗಬೇಕು.

ಎರಡು ತಿಂಗಳು ದಿನಾ ಸಂಜೆ ಐದಕ್ಕೆ ಇಂಗ್ಲಿಷ್ ಪಾಠಕ್ಕೆಂದು ಅವರ ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಮೇಡಂ ಆರೋಗ್ಯ ಹೇಗಿದೆ, ಮೊಣಕಾಲು ನೋವು ಹೇಗಿದೆ, ಹಿತ್ತಲ ಕರಿಬೇವು ಚಿಗುರಿತೇ ಎಂದು ಒಂದೊಂದಾಗಿ ಇಂಗ್ಲಿಷಿನಲ್ಲೇ ವಿಚಾರಿಸುತ್ತಿದ್ದ. ಅವನ ಕಡೆ ಹೀಗೆ ಕ್ಷೇಮ ಕೇಳದೆ ಮಾತು ಶುರುಮಾಡಿದರೆ ಮರ್ಯಾದೆಯಲ್ಲವಂತೆ. ಆ ಕ್ಷೇಮಸಮಾಚಾರದಲ್ಲೇ ಅಮ್ಮನವರು ಏಳು ತಪ್ಪು ಹಿಡಿಯುತ್ತಿದ್ದರು! ಪಾಠಕ್ಕೆ ಬರುವ ಹೊತ್ತಿಗೆ ಹುಡುಗ ಮೂಗನಾಗಿರುತ್ತಿದ್ದ. ಇವನ ನಾಲಗೆಯೇ ಇಷ್ಟು ಎಂದು ಅವರು ಬೇಸರಪಟ್ಟುಕೊಂಡರು.

ವೈವಾಕ್ಕೆ ಎಂಟು ದಿನವಿತ್ತು. ತರಕಾರಿಗೆ ಹೊರಟ ದಾಕ್ಷಾಯಣಮ್ಮನವರು ಕೆಂಚಪ್ಪನ ಮಂಡಕ್ಕಿ-ಮಿರ್ಚಿ ಗಾಡಿಯ ಹತ್ತಿರ ನಿಂತೇಬಿಟ್ಟರು. ಹೈತಮ್ ಅಲ್ಲಿ ಕನ್ನಡ ಮಾತಾಡುತ್ತಿದ್ದ. ಅದೂ ಎಂಥ ಕನ್ನಡ, ದೇವರಿಗೇ ಪ್ರೀತಿ.

"ನಮ್ಮ ಅಮ್ಮ ಇಲ್ಲಿ ಬಂದ, ಈ ಮಿರ್ಚಿ ತಿಂದ, ಜೋರು ಅಳ್ತಾನೆ."

"ಅಳ್ಳಿ ಬಿಡಪ್ಪ, ನೀರು ಕೊಡಾಣ. ಆಮೇಲೆ?" ಎಂದ ಕೆಂಚಪ್ಪ, ಎಣ್ಣೆಯಿಂದ ಕಣ್ಣು ತೆಗೆಯದೆ.

ಆಮೇಲೆ ಏನು, ಅರ್ಧ ಗಂಟೆ ಮಾತು. ಅವನ ಬಾಯಲ್ಲಿ ಹತ್ತು ಪದ ಒಟ್ಟಿಗೆ ಬಂದದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಹುಡುಗ ಹೋದ ಮೇಲೆ ಹತ್ತಿರ ಬಂದು ಗದರಿದರು. "ಅಲ್ಲ ಕೆಂಚಪ್ಪ, ಅಷ್ಟು ತಪ್ಪು ಮಾತಾಡ್ತಾನೆ, ಒಂದಾದ್ರೂ ತಿದ್ದಬಾರದೇನೋ?"

"ತಿದ್ದಾಕೆ ನಂಗೆಲ್ಲಿ ಪುರುಸೊತ್ತೈತೆ ಟೀಚರಮ್ಮ? ಪಾಪ, ಅಮ್ಮನ್ನ ನೋಡಿ ನಾಕು ವರ್ಷ ಆತಂತೆ. ಹೇಳ್ಕಂತಾನೆ, ಕೇಳ್ತೀನಿ, ಅಷ್ಟೆ."

ದಾಕ್ಷಾಯಣಮ್ಮನವರಿಗೆ ಮುಖದ ಮೇಲೆ ಹೊಡೆದಂತಾಯಿತು. ತಮ್ಮ ಮೊಣಕಾಲಿನ ಸಮಾಚಾರ ಅವನಿಗೆ ಗೊತ್ತು. ಅವನ ತಾಯಿಯ ಸಮಾಚಾರ ತಾವು ಒಂದು ದಿನವೂ ಕೇಳಿರಲಿಲ್ಲ. ತರಕಾರಿ ಕೊಳ್ಳುವುದನ್ನೇ ಮರೆತು ಮನೆಗೆ ಬಂದರು.

ಮಾರನೆಯ ಸಂಜೆ ಒಂದು ಉಪಾಯ ಮಾಡಿದರು. ಅವನು ಬರುವ ಹೊತ್ತಿಗೆ ಎರಡು ಎಲೆ, ಹಿಡಿ ಅಡಿಕೆ, ಸುಣ್ಣ ಸೇರಿಸಿ ಬಾಯಿ ತುಂಬಿಕೊಂಡು ಕೂತರು. ಪುಸ್ತಕದ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು, ಮಾತಾಡು ಎಂದು ಕೈಸನ್ನೆ ಮಾಡಿದರು. ಅವನು ಒಂದು ವಾಕ್ಯ ಹೇಳಿ, ಬೈಸಿಕೊಳ್ಳುವವನಂತೆ ನಿಂತ. ಅವರ ನಾಲಗೆ ತುರಿಸಿತು. ಎಲೆಯನ್ನು ಇನ್ನಷ್ಟು ಗಟ್ಟಿಯಾಗಿ ಜಗಿದರು. ಅವನು ಇನ್ನೊಂದು ವಾಕ್ಯ ಹೇಳಿದ. ಆಮೇಲೆ ಮತ್ತೊಂದು. ಏಳು ದಿನ ಹೀಗೇ ನಡೆಯಿತು. ಸುಣ್ಣಕ್ಕೆ ಅವರ ಬಾಯಿ ಬೆಂದು ಅನ್ನ ಸೇರದಂತಾಯಿತು, ಹುಡುಗನಿಗೆ ಮಾತ್ರ ಬಾಯಿ ಬಂತು.

ವೈವಾದ ದಿನ ಸಂಜೆ ಹೈತಮ್ ಓಡಿಕೊಂಡು ಬಂದ. ನಿಂತಲ್ಲೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಪರೀಕ್ಷಕರು ನಡುವೆ ಬಾಯಿ ಹಾಕಿದರಂತೆ. ಸಾರ್, ಸ್ವಲ್ಪ ತಡೀರಿ, ಮುಗಿಸ್ತೀನಿ ಎಂದು ಇವನು ಮುಗಿಸಿಯೇ ಬಿಟ್ಟನಂತೆ. ಪಾಸು ಎಂದು ಅವರೇ ಬಾಯಿಬಿಟ್ಟು ಹೇಳಿ ಕಳಿಸಿದರಂತೆ.

ಹೇಳಿ ಮುಗಿಸಿ ನಕ್ಕ. "ಈಗ ಎಷ್ಟು ತಪ್ಪು ಮಾಡಿದೆ, ಮೇಡಂ?"

ಹದಿನಾಲ್ಕು. ಚಟ ಎಲ್ಲಿಗೆ ಹೋಗುತ್ತದೆ, ಅವರು ಎಣಿಸಿದ್ದರು. ಅವತ್ತು ಬಾಯಲ್ಲಿ ಎಲೆಯೂ ಇರಲಿಲ್ಲ.

"ನಿಮ್ಮಮ್ಮನಿಗೆ ಫೋನ್ ಮಾಡಿದೆಯಾ?" ಎಂದು ಕೇಳಿದರು.

"ಇಲ್ಲ ಮೇಡಂ. ಮೊದಲು ಇಲ್ಲಿಗೆ ಬಂದೆ."

"ಇಲ್ಲೇ ಕೂತು ಮಾಡು."

ಅವನು ಮಾಡಿದ. ಆ ಕಡೆಯಿಂದ ಒಬ್ಬ ಹೆಂಗಸು ಜೋರಾಗಿ ಅತ್ತದ್ದು, ನಡುನಡುವೆ ನಕ್ಕದ್ದು ಕೇಳಿಸಿತು. ತಾಯಿ ಮಗ ಅರಬ್ಬಿಯಲ್ಲಿ ಎಷ್ಟೋ ಹೊತ್ತು ಮಾತಾಡಿದರು. ದಾಕ್ಷಾಯಣಮ್ಮನವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಯವರೆಗೂ ಕೂತು ಕೇಳಿದರು.