ಕರೆದರೂ ತಿರುಗದ ಗುಬ್ಬಿ

"ಮಗು ಇನ್ನೂ ಮಾತಾಡ್ತಿಲ್ವಾ? ಬಿಡಿ, ತಾನಾಗೇ ಆಡುತ್ತೆ." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಲಸಿಕೆ ಹಾಕುವ ನರ್ಸ್. ಬೀದಿ ಬೀದಿ ಸುತ್ತುತ್ತೇನೆ. ಹೀಗೆ ಹೇಳುವವರು ಎಲ್ಲ ಬೀದಿಯಲ್ಲೂ ಇದ್ದಾರೆ.

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮಗ್ಗದ ಮನೆಯಿದೆ. ಕರೆಂಟಿನ ಮಗ್ಗಗಳು, ಬೆಳಗಿನಿಂದ ಸಂಜೆಯವರೆಗೆ ಖಟಖಟ ಖಟಖಟ. ಆ ಸದ್ದಿನಲ್ಲಿ ಬಾಯಿ ಬಡಿದುಕೊಂಡರೂ ಯಾರಿಗೂ ಕೇಳದು. ಅದಕ್ಕೇ ಆ ಮನೆಯಲ್ಲಿ ಕರೆಯುವ ರೀತಿಯೇ ಬೇರೆ. ನೆಲಕ್ಕೆಲ್ಲ ಮರದ ಹಲಗೆ ಹಾಸಿದೆ. ಕಾಲಿನಿಂದ ಧಪ್ಪನೆ ಒದ್ದರೆ ಹಲಗೆ ಅದುರುತ್ತದೆ, ಎಲ್ಲರೂ ತಿರುಗುತ್ತಾರೆ. ಉಳಿದದ್ದೆಲ್ಲ ಕೈಸನ್ನೆ.

ಆ ಮನೆಯ ಮಗು ಗುಬ್ಬಿಗೆ ಎರಡು ವರ್ಷ ತುಂಬಿತ್ತು. ಮನೆತುಂಬ ಓಡಾಡುವ ಚೂಟಿ ಹುಡುಗಿ. ಆದರೆ ಬಾಯಲ್ಲಿ ಒಂದೇ ಒಂದು ಮಾತಿಲ್ಲ, "ಅಮ್ಮ" ಅನ್ನುವುದೂ ಇಲ್ಲ. ಅವಳಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸಂಜೆ ಮಗ್ಗ ನಿಂತಾಗ ಪಕ್ಕದ ಮನೆಯ ಮಗುವಿನ ಹರಟೆ ಕೇಳಿಸಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಆಮೇಲೆ ತಾನೇ ತೆರೆದು ಕಿವಿಗೊಡುತ್ತಿದ್ದಳು.

ಅಜ್ಜಿಗೆ ಮಾತ್ರ ಚಿಂತೆಯೇ ಇಲ್ಲ. "ಮಾತು ಬೆಳ್ಳಿ, ಮೌನ ಬಂಗಾರ. ನಿನಗೆ ಬಂಗಾರಾನೇ ಹುಟ್ಟಿದೆ, ಖುಷಿಪಡೇ! ಇವಳಪ್ಪನೂ ಮೂರು ತುಂಬಿದ ಮೇಲೇ ಬಾಯಿ ಬಿಟ್ಟಿದ್ದು. ಈಗ ಮುಚ್ಚಿಸೋಕೆ ಆಗುತ್ತಾ?"

ಒಂದು ದಿನ ಮಗ್ಗದ ಮೋಟಾರು ಕೆಟ್ಟು ಮನೆ ತಣ್ಣಗಿತ್ತು. ನಾನು ಲಸಿಕೆ ಡಬ್ಬಿ ಹಿಡಿದು ಆ ದಾರಿಯಲ್ಲೇ ಹೊರಟಿದ್ದೆ. ಗುಬ್ಬಿಯ ಅಮ್ಮ ಓಡಿ ಬಂದು ನನ್ನ ಕೈ ಹಿಡಿದೆಳೆದಳು.

"ಅಕ್ಕಾ, ಒಂದು ನಿಮಿಷ ಬನ್ನಿ. ನನಗೆ ನಿದ್ದೆ ಹತ್ತುತ್ತಿಲ್ಲ. ಇವಳು ಯಾಕೆ ಮಾತಾಡಲ್ಲ?"

"ಕಿವಿ ಪರೀಕ್ಷೆ ಮಾಡಿಸಿದ್ದೀಯಾ?"

ಅಜ್ಜಿ ನಕ್ಕುಬಿಟ್ಟರು. "ಕಿವಿನಾ? ಇವಳ ಕಿವಿ ಎಷ್ಟು ಚುರುಕು ಗೊತ್ತಾ? ನೋಡಿ ಬೇಕಾದ್ರೆ!" ಗುಬ್ಬಿಯ ಹಿಂದೆ ನಿಂತು ನೆಲಕ್ಕೊಮ್ಮೆ ಒದ್ದರು. ಗುಬ್ಬಿ ತಟಕ್ಕನೆ ತಿರುಗಿ ನಕ್ಕಳು. "ಕಂಡ್ರಾ?"

ಆ ಒದೆತ ನನ್ನ ಅಂಗಾಲಿಗೂ ತಟ್ಟಿತ್ತು.

"ಅಜ್ಜೀ, ಮಗೂನ ಮಂಚದ ಹಾಸಿಗೆ ಮೇಲೆ ಕೂರಿಸಿ. ಈಗ ಒದೀಬೇಡಿ. ಹಿಂದಿನಿಂದ ಬಾಯಲ್ಲಿ ಕರೀರಿ."

"ಗುಬ್ಬೀ..." ಅಜ್ಜಿ ಕರೆದರು. ಗುಬ್ಬಿ ನೂಲಿನ ಉಂಡೆ ಬಿಚ್ಚುತ್ತ ಕೂತಿದ್ದಳು. ಅಜ್ಜಿ ಜೋರಾಗಿ ಕರೆದರು. ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ಕೊನೆಗೆ ಅವಳಮ್ಮ ಕೂಗಿದಳು, "ಗುಬ್ಬೀ, ಅಮ್ಮ ಕಣೇ!" ಮಗು ತಿರುಗಲಿಲ್ಲ.

"ನೆಲ ಅದುರೋದು ಅವಳಿಗೆ ಗೊತ್ತಾಗುತ್ತೆ. ದನಿ ಕೇಳಿಸ್ತಿಲ್ಲವೇನೋ" ಎಂದೆ. "ಇದು ನನ್ನ ಅನುಮಾನ ಅಷ್ಟೆ. ಪರೀಕ್ಷೆ ಮಾಡಿಸಿದರೇನೇ ಗೊತ್ತಾಗೋದು."

ಅಜ್ಜಿಯ ಮುಖ ಬಾಡಿತು. "ಇನ್ನೊಂದು ವರ್ಷ ನೋಡೋಣಮ್ಮ. ಹೆಣ್ಣುಮಗು. ಕಿವುಡಿ ಅಂತ ಹೆಸರು ಬಿದ್ದರೆ?"

"ಕಿವಿಗೆ ಬೀಳದ ಮಾತು ಬಾಯಿಗೆ ಎಲ್ಲಿಂದ ಬರಬೇಕು ಅಜ್ಜಿ? ಮಕ್ಕಳು ಮಾತು ಸುಲಭವಾಗಿ ಕಲಿಯೋದು ಈ ಮೊದಲ ವರ್ಷಗಳಲ್ಲೇ. ಅದನ್ನ ಕಾಯ್ತಾ ಕಳೀತೀರಾ?" ನನ್ನ ದನಿ ಏರಿಬಿಟ್ಟಿತ್ತು.

ಗುಬ್ಬಿಯ ಅಮ್ಮ ಅಷ್ಟರಲ್ಲಿ ಮಗುವನ್ನು ಕಂಕುಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ್ದಳು. "ಅತ್ತೆ, ಮೋಟಾರು ಕೆಟ್ಟಿದ್ದಕ್ಕೆ ಆಗಲೇ ರಿಪೇರಿಯವನಿಗೆ ಫೋನ್ ಮಾಡಿಸಿದಿರಿ. ನನ್ನ ಮಗು ಮಾತ್ರ ಒಂದು ವರ್ಷ ಕಾಯಬೇಕಾ?"

ಮೋಟಾರಿನ ಪಕ್ಕ ಕೂತಿದ್ದ ಗುಬ್ಬಿಯ ಅಪ್ಪ ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಳ್ಳುತ್ತ ಎದ್ದ. "ನಾನೂ ಬರ್ತೀನಿ ನಡಿ." ಹಿಂದೆಯೇ ಅಜ್ಜಿಯೂ ಹೊರಟರು.

ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಎರಡೂ ಕಿವಿ ಬಹಳ ಮಂದ ಎಂದು ತಿಳಿಯಿತು. "ನನ್ನ ತಪ್ಪಾ ಡಾಕ್ಟ್ರೇ?" ಎಂದು ಅಮ್ಮ ಬಿಕ್ಕಿದಳು.

"ಯಾರ ತಪ್ಪೂ ಅಲ್ಲಮ್ಮ. ಕಿವಿಗೆ ಮಷೀನು ಹಾಕೋಣ, ಮಾತು ಕಲಿಸೋಣ. ಕಲಿಯೋಕೆ ಸಮಯ ಬೇಕು. ಮನೇಲಿ ಕೈಸನ್ನೆ ಬಿಡಬೇಡಿ, ಜೊತೆಗೆ ಮಾತೂ ಆಡಿ."

ಮಷೀನು ಹಾಕಿದ ದಿನ ಅಜ್ಜಿಯೇ ಹಿಂದೆ ನಿಂತು ಕರೆದರು. ಗುಬ್ಬಿ ಗಕ್ಕನೆ ನಿಂತಳು. ತಿರುಗಿ ಒಬ್ಬೊಬ್ಬರ ಬಾಯನ್ನೂ ನೋಡಿದಳು. ತುಟಿ ನಡುಗಿತು, ಜೋರಾಗಿ ಅತ್ತಳು. ಅಜ್ಜಿ ಅವಳನ್ನು ಬಾಚಿ ತಬ್ಬಿಕೊಂಡು ತಾವೂ ಅತ್ತರು. "ಅಯ್ಯೋ ನನ್ನ ಕಂದ, ನಿನಗೊಂದು ಹೆಸರಿದೆ ಅಂತಾನೇ ನಿನಗೆ ಗೊತ್ತಿರಲಿಲ್ಲವಲ್ಲೇ!"

ಅಕ್ಕಂದಿರೇ, ಅಣ್ಣಂದಿರೇ, ಮನೆಯ ಹಿರಿಯರೇ, ಮಗು ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಥವಾ ಒಂದು ಮಾತೂ ಆಡದಿದ್ದರೆ, ಎರಡು ವರ್ಷಕ್ಕೆ ಎರಡು ಮಾತು ಜೋಡಿಸದಿದ್ದರೆ, ಕಲಿತದ್ದನ್ನೇ ಮರೆಯುತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಏನೂ ತೊಂದರೆ ಇಲ್ಲ ಎಂದರೆ ನಗುತ್ತ ಮನೆಗೆ ಹೋಗಿ. ತೊಂದರೆ ಇದ್ದರೆ ನಾವಿದ್ದೇವೆ. "ನೋಡೋಣ ಬಿಡಿ" ಎಂದು ಮಾತ್ರ ಹೇಳಬೇಡಿ. ನೀವು ಕಾಯಬಹುದು, ಮಗುವಿನ ವಯಸ್ಸು ಕಾಯುವುದಿಲ್ಲ.